ಏನೂ ಅನಿಸದ ದಿನವೂ ಬೈಬಲಿನ ಕೀರ್ತನೆ: ನಮ್ಮ ಪ್ರಾರ್ಥನಾಕೂಟದ ಅನುಭವ

ಮನೆಯಲ್ಲಿ ಪ್ರಾರ್ಥನಾಕೂಟ ನಡೆಸುವವರಿಗೆ ಇದು ಗೊತ್ತೇ ಇರುತ್ತದೆ. ಕನ್ವೆನ್ಷನ್ (ಕ್ರೈಸ್ತರ ದೊಡ್ಡ ಸಭೆ) ಮುಗಿಸಿ ಬಂದ ಮೊದಲ ವಾರ ಎಲ್ಲರೂ ಅಳುತ್ತಾರೆ, ಕೈ ಎತ್ತುತ್ತಾರೆ, ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳಲು ನಾ ಮುಂದು ತಾ ಮುಂದು ಅಂತಾರೆ. ಮೂರನೇ ವಾರಕ್ಕೆ ಅರ್ಧ ಜನ ಇಲ್ಲ. ಫೋನ್ ಮಾಡಿದರೆ "ಬ್ರದರ್, ಯಾಕೋ ಏನೂ ಅನಿಸ್ತಿಲ್ಲ" ಅನ್ನುತ್ತಾರೆ. ಏನೂ ಅನಿಸದಿದ್ದರೆ ದೇವರೇ ಕೈಬಿಟ್ಟ ಅಂತ ಅವರ ಲೆಕ್ಕ.

ಹುಬ್ಬಳ್ಳಿಯ ನಮ್ಮ ಕೂಟದವರು ಇದನ್ನು ಸರಿಪಡಿಸಲು ಮೊದಲು ದುಡ್ಡು ಸುರಿದೆವು. ಕೀಬೋರ್ಡ್, ಸೌಂಡ್ ಸಿಸ್ಟಮ್ ಬಾಡಿಗೆ, ಹೊರಗಿನಿಂದ ಬರುವ ಹಾಡುಗಾರರ ಬಸ್ ಚಾರ್ಜು, ಊಟ ಎಲ್ಲಾ ಸೇರಿ ಎರಡು ವರ್ಷದಲ್ಲಿ 40–45 ಸಾವಿರ ಹೋಗಿರಬೇಕು. ಹಾಡು ನಡೆಯುವಷ್ಟು ಹೊತ್ತು ಚೆನ್ನಾಗಿರುತ್ತಿತ್ತು. ಆದರೆ ಗಂಡನನ್ನು ಕಳೆದುಕೊಂಡ ಒಬ್ಬ ಅಕ್ಕ ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂತಿರುತ್ತಿದ್ದರು. ನಾವು ಎಬ್ಬಿಸುತ್ತಿದ್ದ ಆ ಸಂತೋಷದಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ಆಮೇಲೆ ನಾನು ಹಿಡಿದ ದಾರಿ ಹಳೆಯದೇ. ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಪ್ರಾರ್ಥನಾ ಪುಸ್ತಕದಲ್ಲಿ ಬೈಬಲಿನ 150 ಕೀರ್ತನೆಗಳನ್ನು, ಅಂದರೆ ಹಾಡಿನ ರೂಪದ ಪ್ರಾರ್ಥನೆಗಳನ್ನು, 30 ದಿನಕ್ಕೆ, ಬೆಳಿಗ್ಗೆ ಸಂಜೆ ಅಂತ ಹಂಚಿದ್ದಾರೆ, ಅದೇ. ಬೆಳಿಗ್ಗೆ 5.30ಕ್ಕೆ ಕೂಡಿ ಜೋರಾಗಿ ಓದುವುದು, ಸಂಜೆಯ ಪಾಲು ಅವರವರ ಮನೆಯಲ್ಲಿ. ಮನಸ್ಸಿಗೆ ಹಿಡಿಸಿದ್ದನ್ನು ಆರಿಸಿಕೊಳ್ಳುವಂತಿಲ್ಲ.

ಹಿರಿಯರು ಒಪ್ಪಲಿಲ್ಲ. "ಇದು ಬರೀ ಬಾಯಿಪಾಠ, ಪವಿತ್ರಾತ್ಮನ ಕೆಲಸ ಎಲ್ಲಿ?" ಅಂದರು. ಶುರುವಿನಲ್ಲಿ ಅವರ ಮಾತೇ ನಿಜ ಅನ್ನುವ ಹಾಗಿತ್ತು. ನಾಲ್ಕೈದು ಜನ, ಅದರಲ್ಲೂ ಆಕಳಿಕೆ. 176 ವಚನಗಳ 119ನೇ ಕೀರ್ತನೆಯ ಪಾಲು ಬಂದಾಗಲಂತೂ ಹುಡುಗರು ಗಡಿಯಾರವನ್ನೇ ನೋಡುತ್ತಿದ್ದರು.

ಎಲ್ಲಾ ಬದಲಾದದ್ದು ಒಂದು 17ನೇ ತಾರೀಕು. ಅವತ್ತು ಬೆಳಿಗ್ಗೆಗೆ 86, 87, 88. ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ. 13ರಲ್ಲಿ ಎಷ್ಟರವರೆಗೆ, ಎಷ್ಟರವರೆಗೆ ಅಂತ ಕೇಳಿದವನು ಆರನೇ ವಚನಕ್ಕೆ ಹಾಡುತ್ತಾನೆ. 88 ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಗಂಡನನ್ನು ಕಳೆದುಕೊಂಡ ಆ ಅಕ್ಕನ ಓದುವ ಸರದಿಯಿತ್ತು. ಗುರುತಿನವರನ್ನೆಲ್ಲ ನೀನೇ ದೂರಮಾಡಿದೆ ಅನ್ನುವ ವಚನಕ್ಕೆ ನಿಂತುಬಿಟ್ಟರು. "ಇದನ್ನ ದೇವರ ಮುಂದೆ ಹೇಳಬಹುದಾ?" ಅಂತ ಕೇಳಿದರು. ಆಮೇಲೆ ಎಲ್ಲಾ ಬಂತು. ಆಸ್ಪತ್ರೆ ಸಾಲ, ಫೋನ್ ಎತ್ತದ ನೆಂಟರು, ದೇವರ ಮೇಲಿನ ಸಿಟ್ಟು. ಪಾಪ ಅಂತ ಹೆದರಿ ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದರಂತೆ. ಇಂಥ ಹೊತ್ತಿನಲ್ಲಿ ಯಾರೂ ನಡುವೆ ಬಾಯಿ ಹಾಕಿ ಸಮಾಧಾನ ಹೇಳದ ಹಾಗೆ ನಾನೊಂದು ಏರ್ಪಾಡು ಮಾಡಿದ್ದೇನೆ, ಅದು ನಮ್ಮ ಕೂಟದ ಗುಟ್ಟು, ಇಲ್ಲಿ ಬರೆಯುವುದಿಲ್ಲ. ಮುಂದಿನ ತಿಂಗಳು ಅವರು ಇನ್ನಿಬ್ಬರನ್ನು ಕರೆದುಕೊಂಡು ಬಂದರು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದ ಬೈಬಲಿನ ಪ್ರವಾದಿ ಎಲೀಯನಿಗೆ ದೇವದೂತನು ಪ್ರಸಂಗ ಮಾಡಲಿಲ್ಲ, ಎರಡು ಸಲ ಎಬ್ಬಿಸಿ ಊಟ ಕೊಟ್ಟ. ಹಾಗಾಗಿ ಓದುವ ಮುಂಚೆಯೇ ಚಹಾ, ಉಪ್ಪಿಟ್ಟು ಕೊಡಲು ಶುರುಮಾಡಿದೆವು. "ಆತ್ಮ ಒಣಗಿದೆ" ಅನ್ನುತ್ತಿದ್ದವರಲ್ಲಿ ಕಾಲುಭಾಗ ಜನರಿಗೆ ಹಸಿವು, ನಿದ್ದೆಗೇಡು ಅಷ್ಟೇ ಅಂತ ನನ್ನ ಅಂದಾಜು. ಅನಿಸಿದ್ದನ್ನು ದಿನಾ ನೋಟ್‌ಬುಕ್ಕಿನಲ್ಲಿ ಬರೆಸಿಯೂ ನೋಡಿದೆ. ಅದು ನಡೆಯಲಿಲ್ಲ, ಎಲ್ಲರೂ "ಸಮಾಧಾನ" ಅಂತಲೇ ಬರೆಯುತ್ತಿದ್ದರು.

ಹಿರಿಯರ ಬಾಯಿ ಕಟ್ಟಿದ್ದು ಮೆಥಡಿಸ್ಟ್ ಪಂಗಡಕ್ಕೆ ಮೂಲವಾದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಕ್ರಿಸ್ತನ ಮೇಲಿನ ನಂಬಿಕೆಯಿಂದ ಅವರ ಎದೆ ಬೆಚ್ಚಗಾದ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1739ರ ಜನವರಿಯಲ್ಲಿ ತಮ್ಮ ದಿನಚರಿಯಲ್ಲಿ ತಾನು ಕ್ರೈಸ್ತನೇ ಅಲ್ಲ ಅಂತ ಬರೆದುಕೊಂಡದ್ದನ್ನು ಯಾರೂ ಹೇಳುವುದಿಲ್ಲ. ಹಾಗೆ ಬರೆದವರು ಆಮೇಲೆ ಐವತ್ತು ವರ್ಷ ಊರೂರು ಸುತ್ತಿ ಸುವಾರ್ತೆ ಸಾರಿದರು. ಬೆಚ್ಚಗಾಗುವುದು ದೇವರು ಕೊಟ್ಟರೆ ಬರುತ್ತದೆ, ನಾವು ಸ್ಪೀಕರ್ ಇಟ್ಟು ಬರಿಸುವಂಥದ್ದಲ್ಲ. ಕೊಟ್ಟಾಗ ನಾವೂ ಬಿಡುವುದಿಲ್ಲ, ತಿಂಗಳ ಕೊನೆಗೆ, ವಾದ್ಯ ನರ್ತನದಿಂದ ಸ್ತುತಿಸಿ ಅನ್ನುವ 150ನೇ ಕೀರ್ತನೆ ಬಂದಾಗ ತಬಲಾ, ತಾಳ ಹಿಡಿದು ಕುಣಿಯುತ್ತೇವೆ.

ಈಗ 25ರ ಆಸುಪಾಸು ಜನ, ಮಳೆಗಾಲದಲ್ಲೂ ಜಾಸ್ತಿ ಕಡಿಮೆಯಾಗಲ್ಲ. ಚಹಾ, ಉಪ್ಪಿಟ್ಟಿಗೆ ತಿಂಗಳಿಗೆ ಎರಡು ಸಾವಿರದ ಸುತ್ತ. ಯಾವ ದಿನ ಯಾವ ಕೀರ್ತನೆ ಅನ್ನುವ ಪಟ್ಟಿಯ ಝೆರಾಕ್ಸಿಗೆ ಒಂದೇ ಸಲ ನೂರೈವತ್ತು. ಶುರುಮಾಡುವವರು ಸುಮ್ನೆ ಒಂದನೇ ತಾರೀಕಿಗೆ ಕಾಯಬೇಡಿ, ಇವತ್ತಿನ ತಾರೀಕಿನ ಕೀರ್ತನೆಯಿಂದಲೇ ಹಿಡಿಯಿರಿ. 31 ಬಂದರೆ 30ರದ್ದನ್ನೇ ಮತ್ತೆ ಓದಿ.