ಜಿಟಿಒ ಕಾರಿಗೆ ಹೊಸ ಶಿಫ್ಟರ್ ಕೂರಿಸಿದ ನನ್ನ ಅನುಭವ

ಮಿಷಿಗನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ 1967ರ ಪಾಂಟಿಯಾಕ್ ಜಿಟಿಒ ಇದೆ. ಅದಕ್ಕಿರುವುದು 400 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 6.6 ಲೀಟರಿನ ವಿ8 ಎಂಜಿನ್ ಮತ್ತು ನಾಲ್ಕು ಗೇರುಗಳ ಮನ್ಸೀ ಗೇರ್‌ಬಾಕ್ಸ್. ಕಳೆದ ಬೇಸಿಗೆಯಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಲಿವರ್ ನಡುವೆಯೇ ಸಿಕ್ಕಿಕೊಳ್ಳತೊಡಗಿತು. ಸಿಂಕ್ರೊ (ತಿರುಗುತ್ತಿರುವ ಗೇರುಗಳ ವೇಗವನ್ನು ಹೊಂದಿಸುವ ಭಾಗ) ಸವೆದಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಒಬ್ಬ ಮೆಕ್ಯಾನಿಕ್ ಹೇಳಿದರು. ಆದರೆ ಎಂಜಿನ್ ಆರಿಸಿ ನಿಲ್ಲಿಸಿದ್ದಾಗಲೂ ಲಿವರ್ ಸಿಕ್ಕಿಕೊಳ್ಳುತ್ತಿದ್ದುದರಿಂದ ಆ ಮಾತನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ. ಕಾರನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಅಡಿಯಲ್ಲಿ ಮಲಗಿ, ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ರಾಡುಗಳನ್ನು ಬಿಡಿಸಿ, ಪ್ರೊಪೆಲ್ಲರ್ ಶಾಫ್ಟನ್ನು ತುಸು ತಿರುಗಿಸಿಕೊಳ್ಳುತ್ತಾ ಗೇರ್‌ಬಾಕ್ಸಿನ ತೋಳುಗಳನ್ನು ಕೈಯಿಂದಲೇ ಆಡಿಸಿದಾಗ ನಾಲ್ಕೂ ಗೇರುಗಳು ಸಲೀಸಾಗಿ ಬಿದ್ದವು. ಬಿಡಿಸಿದ ರಾಡುಗಳ ನೈಲಾನ್ ಬುಷ್‌ಗಳು ಒಣಗಿದ ಹುಣಸೆಹಣ್ಣಿನ ಸಿಪ್ಪೆಯಂತೆ ಬೆರಳ ನಡುವೆಯೇ ಪುಡಿಯಾದವು. ಶಿಫ್ಟರಿನ, ಅಂದರೆ ಲಿವರಿನ ಬುಡದಲ್ಲಿದ್ದು ಆ ರಾಡುಗಳನ್ನು ಆಡಿಸುವ ಜೋಡಣೆಯ, ಒಳಗಿನ ತೋಳುಗಳೂ ಸವೆದಿದ್ದವು.

ಜಿಟಿಒಗೆ 1964ರ ಮೊದಲ ಮಾದರಿಯಿಂದಲೇ ಕಾರ್ಖಾನೆಯಲ್ಲಿ ಹರ್ಸ್ಟ್ ಕಂಪನಿಯ ಶಿಫ್ಟರ್ ಕೂರಿಸುತ್ತಿದ್ದರು. ಆದ್ದರಿಂದ ನಾನೂ ಹರ್ಸ್ಟ್ ಕಾಂಪಿಟಿಷನ್ ಪ್ಲಸ್ ಶಿಫ್ಟರನ್ನೇ ತರಿಸಿಕೊಂಡೆ. ಹಳೆಯದನ್ನು ಬಿಚ್ಚಿ ಹೊಸದನ್ನು ಬೋಲ್ಟು ಹಾಕಿ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ನಿಜವಾದ ಕೆಲಸವಿರುವುದು ಹೊಂದಾಣಿಕೆಯಲ್ಲಿ.

ಮನ್ಸೀ ಗೇರ್‌ಬಾಕ್ಸಿನ ಪಕ್ಕದ ಮುಚ್ಚಳದಲ್ಲಿ ಮುಂದಿನ ತೋಳು ಮೂರು ಮತ್ತು ನಾಲ್ಕನೇ ಗೇರುಗಳದ್ದು, ಹಿಂದಿನದು ಒಂದು ಮತ್ತು ಎರಡರದ್ದು. ರಿವರ್ಸ್ ತೋಳು ಹಿಂಬದಿಯ ಹೌಸಿಂಗಿನಲ್ಲಿದೆ. ಮೂರನ್ನೂ ನ್ಯೂಟ್ರಲ್‌ಗೆ ತಂದು, ಶಿಫ್ಟರಿನ ತೋಳುಗಳ ರಂಧ್ರಗಳನ್ನು ಒಂದೇ ನೇರಕ್ಕೆ ತಂದು, ಅವುಗಳ ಮೂಲಕ ಕಾಲು ಇಂಚಿನ ಪಿನ್ ತೂರಿಸಬೇಕು. ನಾನು ಅದೇ ಅಳತೆಯ ಡ್ರಿಲ್ ಬಿಟ್ಟಿನ ನುಣುಪಾದ ತುದಿಯನ್ನು ಬಳಸಿದೆ. ಪಿನ್ ಹಾಗೆಯೇ ಇರುವಾಗ ಪ್ರತಿ ರಾಡಿನ ತುದಿಯ ತಿರುಪಿನ ಗೆರೆಗಳುಳ್ಳ ಗುಂಡಿಯನ್ನು ಸುತ್ತುತ್ತಾ, ಅದು ತನ್ನ ತೂತಿಗೆ ತಾನಾಗಿಯೇ ಜಾರುವಂತೆ ಉದ್ದವನ್ನು ಸರಿಪಡಿಸಬೇಕು. ಮೊದಲ ಬಾರಿ ಮೂರು-ನಾಲ್ಕರ ರಾಡನ್ನು ನಾನು ಹೆಬ್ಬೆರಳಿನಿಂದ ಒತ್ತಿ ಕೂರಿಸಿಬಿಟ್ಟೆ. ಒತ್ತಬೇಕಾಯಿತೆಂದರೆ ಉದ್ದ ತಪ್ಪಿದೆ ಎಂದೇ ಅರ್ಥ; ಪಿನ್ ಹೊರಗೆಳೆಯುವಾಗ ಬಿಗಿಯಾಗಿ ಹಿಡಿದುಕೊಂಡಿತು, ಲಿವರ್ ಮತ್ತೆ ಮೊದಲಿನ ಜಾಗದಲ್ಲೇ ತಡವರಿಸಿತು. ಗುಂಡಿಯನ್ನು ಅರ್ಧ ಸುತ್ತಷ್ಟೇ ತಿರುಗಿಸಿದಾಗ ಪಿನ್ ಎಣ್ಣೆ ಹಚ್ಚಿದಂತೆ ಜಾರಿ ಬಂದಿತು. ಆ ಅರ್ಧ ಸುತ್ತಿಗಾಗಿ ಎರಡು ಗಂಟೆ ಕಳೆದದ್ದಕ್ಕೆ ನನಗೆ ಯಾವ ಬೇಸರವೂ ಇಲ್ಲ.

ಆಮೇಲೆ ಸ್ಟಾಪ್ ಬೋಲ್ಟುಗಳ ಸರದಿ. ರಭಸದಿಂದ ಗೇರ್ ಹಾಕುವವರ ಕೈಬಲವೆಲ್ಲ ಗೇರ್‌ಬಾಕ್ಸಿನ ಒಳಗೆ ಗೇರ್ ಬದಲಿಸುವ ಫೋರ್ಕುಗಳ ಮೇಲೆ ಬಿದ್ದು ಅವು ಬಾಗದಂತೆ ತಡೆಯುವುದು ಇವೇ ಆಗಿರುವುದರಿಂದ ಇವನ್ನು ಯಾರೂ ಕಡೆಗಣಿಸಬಾರದು. ಎರಡನ್ನೂ ಮೊದಲು ಹಿಂದಕ್ಕೆ ಸಡಿಲಿಸಿ, ಲಿವರನ್ನು ಮೂರನೇ ಗೇರಿನಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು, ಬೋಲ್ಟು ತಾಗುವವರೆಗೆ ತಿರುಗಿಸಿ, ಲಿವರ್ ಬಿಟ್ಟು, ಒಂದು ಸುತ್ತು ಹಿಂದೆ ತಂದು ಲಾಕ್ ನಟ್ಟನ್ನು ಬಿಗಿದೆ. ನಾಲ್ಕನೇ ಗೇರಿಗೂ ಹಾಗೆಯೇ ಮಾಡಿದೆ. ಕೆಳಗೆ ಹಿಡಿಯಲು ಮತ್ತು ಮೇಲೆ ಒತ್ತಲು ಇಬ್ಬರು ಬೇಕಾದ್ದರಿಂದ ಲಿವರ್ ಹಿಡಿದು ಕೂತವಳು ನನ್ನ ಮಗಳು.

ನೂರು ಮೈಲಿ ಓಡಿಸಿದ ಬಳಿಕ ಮತ್ತೆ ಅಡಿಗೆ ಹೋಗಿ ನೋಡಿದಾಗ ಶಿಫ್ಟರನ್ನು ಹಿಡಿದಿರುವ ಬೋಲ್ಟುಗಳಲ್ಲೊಂದು ಕಾಲು ಸುತ್ತು ಸಡಿಲವಾಗಿತ್ತು. ಅದನ್ನು ಬಿಗಿದ ಮೇಲೆಯೇ ಲಿವರಿನ ಬುಡದ ರಬ್ಬರ್ ಹೊದಿಕೆಯನ್ನು (ಬೂಟ್) ತಿರುಪು ಹಾಕಿ ಮುಚ್ಚಿದೆ.