ಬದಿಯಡ್ಕದ ಡಿಟಿಪಿ ಅಂಗಡಿಯಲ್ಲಿ ಹಳೆಯ ಕಡತಗಳನ್ನು ಯೂನಿಕೋಡಿಗೆ ತಂದ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನಾನು ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ) ಅಂಗಡಿ ತೆರೆದು ಹದಿನೆಂಟು ವರ್ಷಗಳಾದವು. ಮದುವೆ, ಗೃಹಪ್ರವೇಶ, ಬ್ರಹ್ಮಕಲಶೋತ್ಸವ, ನೇಮ, ಬಯಲಾಟ ಹೀಗೆ ಈ ಭಾಗದ ಕನ್ನಡ ಆಮಂತ್ರಣ ಪತ್ರಿಕೆಗಳೇ ನನ್ನ ಮುಖ್ಯ ಕೆಲಸ. ಕಂಪ್ಯೂಟರಿನ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಆದುದರಿಂದಲೇ ಇತ್ತೀಚಿನ ವರ್ಷಗಳಲ್ಲಿ ಅದು ನನ್ನ ಮಾತು ಕೇಳದಂತಾದದ್ದು ನನ್ನನ್ನು ಬಹಳ ನೋಯಿಸಿತ್ತು.

ಎರಡು ವರ್ಷಗಳ ಹಿಂದೆ, ಜುಲೈ ಕೊನೆಯ ಮಳೆಗೆ ಮರ ಬಿದ್ದು ನಮ್ಮಲ್ಲಿ ಮೂರು ದಿನ ಬ್ರಾಡ್‌ಬ್ಯಾಂಡ್ ಇರಲಿಲ್ಲ, ಮೊಬೈಲಿಗೂ ರೇಂಜ್ ಇರಲಿಲ್ಲ. ಇನ್ವರ್ಟರ್ ಇದ್ದುದರಿಂದ ಕಂಪ್ಯೂಟರ್ ನಡೆಯುತ್ತಿತ್ತು. ಆದರೆ ನಾನು ತಿಂಗಳ ಬಾಡಿಗೆ ಕೊಟ್ಟು ಬಳಸುತ್ತಿದ್ದ ಪುಟವಿನ್ಯಾಸದ ತಂತ್ರಾಂಶವು ಹಣ ಪಾವತಿಯಾಗಿದೆಯೇ ಎಂದು ತನ್ನ ಸರ್ವರಿನಲ್ಲಿ ವಿಚಾರಿಸಬೇಕಾದ ದಿನ ಅದೇ ವಾರದಲ್ಲಿ ಬಿದ್ದು, ಉತ್ತರ ಸಿಗದ ಕಾರಣ ಅದು ತೆರೆದುಕೊಳ್ಳಲೇ ಇಲ್ಲ. ಒಳಗೆ ಗಣೇಶೋತ್ಸವದ ಆಮಂತ್ರಣವಿತ್ತು. ಪ್ರೂಫ್ ನೋಡಿ ಆಗಿತ್ತು, ಒಂದೇ ಒಂದು ಹೆಸರು ತಿದ್ದುವುದು ಬಾಕಿಯಿತ್ತು. ಸಮಿತಿಯ ಹುಡುಗ ಎದುರಿನ ಬೆಂಚಿನಲ್ಲಿ ಕುಳಿತು, "ಒಂದು ಹೆಸರು ತಿದ್ದಲಿಕ್ಕೆ ಇಂಟರ್ನೆಟ್ ಯಾಕೆ ಅಣ್ಣಾ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಸಿಪಿಯು ಕಳಚಿ ಕಾರಿನಲ್ಲಿಟ್ಟು ಕಾಸರಗೋಡಿನ ಸಂಬಂಧಿಕರ ಮನೆಗೆ ಒಯ್ದು ಆ ಹೆಸರನ್ನು ತಿದ್ದಿದೆ.

ಅದೇ ಸಮಯಕ್ಕೆ, ಯಂತ್ರದಲ್ಲಿದ್ದ ಆಪರೇಟಿಂಗ್ ಸಿಸ್ಟಂ ತನ್ನ ಮುಂದಿನ ಆವೃತ್ತಿಗೆ ಈ ಕಂಪ್ಯೂಟರ್ ಅರ್ಹವಲ್ಲವೆಂದು ಹೇಳತೊಡಗಿತ್ತು. ಮದರ್‌ಬೋರ್ಡಿನಲ್ಲಿ ಅವರು ಬಯಸುವ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಅವರ ಪಟ್ಟಿಯಲ್ಲಿಲ್ಲ. ಕೆಲಸ ಮಾಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ದಾರಿ ತೋರಿಸಿದವಳು ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳು. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯಾಗಿ ಆರಂಭಗೊಂಡು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ವ್ಯವಸ್ಥೆಯು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ಒಂದು ರೂಪವಾದ ಉಬುಂಟು ಆಧಾರಿತ ಮುಕ್ತ ತಂತ್ರಾಂಶವನ್ನೇ ಬಳಸುವುದರಿಂದ, ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿನಕ್ಸ್ ಹೊಸದಲ್ಲ. ನಾನು ಪೆನ್‌ಡ್ರೈವಿನಿಂದ ಲಿನಕ್ಸಿನ ಇನ್ನೊಂದು ರೂಪವಾದ ಡೆಬಿಯನ್ ಪರೀಕ್ಷಿಸುತ್ತಿದ್ದಾಗ ಅವಳು ಪಕ್ಕದಲ್ಲಿ ನಿಂತು, "ಇದು ನಮ್ಮ ಶಾಲೆಯಲ್ಲಿ ಇರುವಂಥದ್ದೇ ಅಪ್ಪಾ" ಎಂದು ಕೀಲಿಮಣೆಯ ಪಟ್ಟಿಯಿಂದ 'ಕಗಪ' ವಿನ್ಯಾಸವನ್ನು ಆರಿಸಿಕೊಟ್ಟಳು. ನುಡಿ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದಲ್ಲಿ ಇಷ್ಟು ವರ್ಷ ಬೆರಳಿಗೆ ರೂಢಿಯಾಗಿದ್ದ, ಕನ್ನಡ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದ ಅದೇ ವಿನ್ಯಾಸ ಅಲ್ಲಿತ್ತು. ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ ಹಾಕಿ, ರ‍್ಯಾಮನ್ನು 8 ಜಿಬಿಗೆ ಏರಿಸಿ, ಡೆಬಿಯನ್ ಸ್ಥಾಪಿಸಿದೆ. ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಫಾಂಟುಗಳು ಅದರ ಭಂಡಾರದಲ್ಲೇ ದೊರೆಯುತ್ತವೆ. ಲಿಬ್ರೆಆಫೀಸ್ ಎಂಬ ಮುಕ್ತ ಬರವಣಿಗೆಯ ತಂತ್ರಾಂಶವು 2017ರ 5.3ನೇ ಆವೃತ್ತಿಯಿಂದ ಎಲ್ಲ ಕಡೆಯೂ ಹಾರ್ಫ್‌ಬಜ್ ಎಂಬ ಸಲಕರಣೆಯ ಮೂಲಕ ಅಕ್ಷರ ಜೋಡಿಸುವುದರಿಂದ ಒತ್ತಕ್ಷರಗಳು ಚೆನ್ನಾಗಿ ಕೂಡಿಕೊಳ್ಳುತ್ತವೆ.

ನಿಜವಾದ ಶ್ರಮ ಇದ್ದುದು ಹಳೆಯ ಕಡತಗಳಲ್ಲಿ. ಅದುವರೆಗಿನ ಕೆಲಸವೆಲ್ಲ ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿತ್ತು. ಆ ಪದ್ಧತಿಯಲ್ಲಿ ಕಂಪ್ಯೂಟರ್ ಕನ್ನಡವನ್ನು ಉಳಿಸುವುದೇ ಇಲ್ಲ. 'ಕನ್ನಡ' ಎಂದು ಬರೆದರೆ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಪೌಂಡಿನ ಚಿಹ್ನೆ, ಇಂಥವು. ಅವುಗಳ ಮೇಲೆ ಫಾಂಟು ಕನ್ನಡದ ಅಂಗಿ ತೊಡಿಸುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಆ ಅಂಗಿ ಕಳಚಿಬೀಳುತ್ತದೆ. ಆ ಕಾಲದ ಯಂತ್ರಗಳಲ್ಲಿ ಕನ್ನಡ ಕಾಣಿಸಲು ಅದು ತಕ್ಕ ಉಪಾಯವೇ ಆಗಿತ್ತೆಂದು ಈಗಲೂ ನಾನು ಗೌರವದಿಂದ ಹೇಳುತ್ತೇನೆ. ಆದರೆ ಹುಡುಕಲು, ವಿಂಗಡಿಸಲು, ಫೋನಿಗೆ ಕಳುಹಿಸಲು ಅದರಿಂದ ಸಾಧ್ಯವಿಲ್ಲ. ಅದಕ್ಕೆ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬೇಕು.

ಮೊದಲು ಕಡತಗಳನ್ನು ಬರಿಯ ಪಠ್ಯವಾಗಿ ತೆಗೆದು, ಅಂತರ್ಜಾಲದಲ್ಲಿ ಮುಕ್ತವಾಗಿ ಸಿಗುವ ಪರಿವರ್ತಕಕ್ಕೆ ಕೊಟ್ಟೆ. ಕನ್ನಡವೇನೋ ಸರಿಯಾಗಿ ಬಂತು, ಆದರೆ ನಡುನಡುವೆ ಇದ್ದ ಇಂಗ್ಲಿಷ್ ಹಾಳಾಯಿತು. ಎನ್ ಅಕ್ಷರವಿದ್ದಲ್ಲೆಲ್ಲ 'ಟಿ'ಯೂ ಪಿ ಇದ್ದಲ್ಲೆಲ್ಲ 'ಠಿ'ಯೂ ಬಂದು ಇಮೇಲ್ ವಿಳಾಸಗಳು ಓದಲಾಗದಂತಾದವು. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂಬುದನ್ನು ಅಕ್ಷರ ನೋಡಿ ತಿಳಿಯಲಾಗದು, ಫಾಂಟಿನ ಹೆಸರು ನೋಡಿಯೇ ತಿಳಿಯಬೇಕು ಎಂಬುದು ನನಗೆ ಹೊಳೆಯಲು ಒಂದು ವಾರ ಹಿಡಿಯಿತು. ಬಳಿಕ ಲಿಬ್ರೆಆಫೀಸಿನಿಂದ ಎಲ್ಲ ಕಡತಗಳನ್ನೂ ಓಡಿಟಿಗೆ ಬದಲಿಸಿದೆ. ಓಡಿಟಿ ಎಂದರೆ ಎಕ್ಸ್‌ಎಂಎಲ್ ಪಠ್ಯವನ್ನು ಇಟ್ಟುಕೊಂಡ ಒಂದು ಜಿಪ್ ಕಟ್ಟು. ಅದನ್ನು ಬಿಚ್ಚಿದರೆ ಪ್ರತಿಯೊಂದು ತುಂಡಿನ ಫಾಂಟೂ ಕಾಣುತ್ತದೆ. ನುಡಿ ಫಾಂಟಿರುವ ತುಂಡುಗಳನ್ನು ಮಾತ್ರ ಪರಿವರ್ತಿಸಿ ಉಳಿದವನ್ನು ಮುಟ್ಟದೆ ಬಿಡುವ ಒಂದು ಸ್ಕ್ರಿಪ್ಟನ್ನು, ಅಂದರೆ ಪುಟ್ಟ ಪ್ರೋಗ್ರಾಮನ್ನು, ಪೈಥಾನ್ ಭಾಷೆಯಲ್ಲಿ ಬರೆದೆ.

ಅರ್ಕಾವೊತ್ತು ಇನ್ನಷ್ಟು ಕಾಡಿತು. ಹಳೆಯ ಪದ್ಧತಿಯಲ್ಲಿ 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ 'ಯ'ಕಾರದ ನಂತರ ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ 'ರ್' ಮೊದಲು ಬರಬೇಕು. ಒತ್ತಕ್ಷರವೂ ಗುಣಿತವೂ ಕೂಡಿದ ಕಡೆ ಅದನ್ನು ಇಡೀ ಅಕ್ಷರದಷ್ಟು ಹಿಂದಕ್ಕೆ ಒಯ್ಯಬೇಕಾಗುತ್ತದೆ. ನನ್ನ ಸ್ಕ್ರಿಪ್ಟ್ 'ಮೂರ್ತಿ'ಯನ್ನು ಸರಿಪಡಿಸಿ 'ಅರ್ಘ್ಯ'ದಲ್ಲಿ ತಪ್ಪುತ್ತಿತ್ತು. ದೇವಸ್ಥಾನದ ಕಾರ್ಯಕ್ರಮಪಟ್ಟಿಗಳಲ್ಲಿ ಇಂಥ ಪದಗಳಿಗೆ ಕೊರತೆಯಿಲ್ಲವಾದ್ದರಿಂದ ಪರೀಕ್ಷೆಗೆ ಅವೇ ಒದಗಿದವು.

ಇನ್ನೊಂದು ಕಿರಿಕಿರಿಯನ್ನು ಹೇಳದೆ ಇರಲಾರೆ. ನಾನಿರುವ ಜಾಗವನ್ನು ನೋಡಿ ಹಲವು ತಾಣಗಳು ತಾವಾಗಿಯೇ ಮಲಯಾಳಕ್ಕೆ ತಿರುಗುತ್ತವೆ. ಮಲಯಾಳವನ್ನು ನಾನು ದಿನವೂ ಆಡುತ್ತೇನೆ, ಅದರ ಮೇಲೆ ನನಗೆ ಬೇಸರವಿಲ್ಲ. ಆದರೆ ಈ ನೆಲದಲ್ಲಿ ಕನ್ನಡ ಓದುವವರೂ ಇದ್ದಾರೆ, ಭಾಷೆಯನ್ನು ನಕ್ಷೆಯಿಂದ ತೀರ್ಮಾನಿಸದೆ ನಮ್ಮನ್ನು ಕೇಳಬೇಕು. ಬ್ರೌಸರಿನ ಭಾಷಾಪಟ್ಟಿಯಲ್ಲಿ ಕನ್ನಡವನ್ನು ಮೊದಲಿಗಿಟ್ಟ ಮೇಲೆ ಕೆಲವು ತಾಣಗಳು ಸರಿಯಾದವು, ಎಲ್ಲವೂ ಅಲ್ಲ. ರೇಂಜ್ ಇಲ್ಲದಾಗ ಒಟಿಪಿ ಬಾರದ ತೊಂದರೆಗೆ, ಅವಕಾಶವಿರುವ ಕಡೆಗಳಲ್ಲೆಲ್ಲ ಫೋನಿನೊಳಗೇ ಮೂವತ್ತು ಸೆಕೆಂಡಿಗೊಮ್ಮೆ ಸಂಖ್ಯೆ ಹುಟ್ಟಿಸುವ ಆಪನ್ನು ಜೋಡಿಸಿಕೊಂಡಿದ್ದೇನೆ. ಅದಕ್ಕೆ ಗಡಿಯಾರ ಸರಿಯಾಗಿದ್ದರೆ ಸಾಕು, ನೆಟ್‌ವರ್ಕ್ ಬೇಡ.

ಬಾಡಿಗೆಯ ತಂತ್ರಾಂಶದಲ್ಲಿ ಮಾಡಿದ ಚಿತ್ರವಿನ್ಯಾಸಗಳು ಹೊಸ ವ್ಯವಸ್ಥೆಯಲ್ಲಿ ಪೂರ್ತಿಯಾಗಿ ತೆರೆಯುವುದಿಲ್ಲ. ಮತ್ತೆ ಬೇಕಾದವನ್ನು ಮಾತ್ರ ಇಂಕ್‌ಸ್ಕೇಪ್ ಎಂಬ ಮುಕ್ತ ಚಿತ್ರವಿನ್ಯಾಸದ ತಂತ್ರಾಂಶದಲ್ಲಿ ಹೊಸದಾಗಿ ಬಿಡಿಸುತ್ತಿದ್ದೇನೆ. ಪಠ್ಯದ ಕಡತಗಳು ಮುಗಿದಿವೆ. ಮೊನ್ನೆ ಒಬ್ಬ ಮಾಷ್ಟ್ರು ಬಂದು, ತೀರಿಕೊಂಡ ತಂದೆಯ ಮದ್ದಳೆ ಸೇವೆಯನ್ನು ಹೇಳುವ ಹಳೆಯ ಸನ್ಮಾನಪತ್ರ ಸಿಗಬಹುದೇ ಎಂದು ಕೇಳಿದರು. ಇಸವಿ ಅವರಿಗೆ ನೆನಪಿರಲಿಲ್ಲ. ತಂದೆಯವರ ಹೆಸರನ್ನು ಕನ್ನಡದಲ್ಲೇ ಹುಡುಕಿದೆ; ಪತ್ರ ಸಿಕ್ಕಿತು. ಹೊರಗೆ ಮಳೆ ಸುರಿಯುತ್ತಿತ್ತು, ನೆಟ್ ಇರಲಿಲ್ಲ. ಅವರು ಕುಳಿತಿದ್ದಂತೆಯೇ ಎರಡು ಪ್ರತಿ ತೆಗೆದುಕೊಟ್ಟೆ.