ಹದಿನೈದು ಕಿಲೋಮೀಟರು, ಒಂದೂವರೆ ಗಂಟೆ: ನನ್ನ ಕಾರಿನ ಮೈಲೇಜ್ ಲೆಕ್ಕ

ನನ್ನ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಕಳೆದ ಮೂರು ವರ್ಷಗಳಲ್ಲಿ ಪೆಟ್ರೋಲ್ ಹಾಕಿಸಿದಾಗಲೆಲ್ಲ ದಿನಾಂಕ, ಓಡೋಮೀಟರಿನ ಅಂಕಿ ಮತ್ತು ತುಂಬಿದ ಲೀಟರುಗಳನ್ನು ಅದರಲ್ಲಿ ಬರೆದಿಟ್ಟಿದ್ದೇನೆ. ಇದುವರೆಗೆ 62 ಸಲ ಟ್ಯಾಂಕ್ ತುಂಬಿಸಿದ್ದೇನೆ, 27,160 ಕಿ.ಮೀ. ಓಡಾಟಕ್ಕೆ 1,862 ಲೀಟರ್ ಪೆಟ್ರೋಲ್ ಖರ್ಚಾಗಿದೆ. ಅಂದರೆ ಲೀಟರಿಗೆ 14.6 ಕಿ.ಮೀ. ಕಾರು ಕೊಳ್ಳುವಾಗ ಕೈಗೆ ಕೊಟ್ಟ ಕರಪತ್ರದಲ್ಲಿ ಇದ್ದ ಅಂಕಿ 23.2. ಕಾರು 1.2 ಲೀಟರ್ ಪೆಟ್ರೋಲ್ ಎಂಜಿನ್‌ನ, ಮ್ಯಾನುಯಲ್ ಗೇರಿನ, 37 ಲೀಟರ್ ಟ್ಯಾಂಕಿನ ಸಾಧಾರಣ ಹ್ಯಾಚ್‌ಬ್ಯಾಕ್. ಕಂಪನಿಯ ಹೆಸರು ಹೇಳುವ ಅಗತ್ಯವಿಲ್ಲ, ಏಕೆಂದರೆ ಈ ಅಂತರಕ್ಕೆ ಕಾರಣವನ್ನು ಕಾರಿನಲ್ಲಿ ಹುಡುಕಿದಷ್ಟು ದಿನವೂ ನನಗೆ ಉತ್ತರ ಸಿಗಲಿಲ್ಲ.

ಮೊದಲ ಕೆಲವು ತಿಂಗಳು ನಾನೂ ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜನ್ನೇ ನಂಬಿದ್ದೆ. ಆಮೇಲೆ ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕಿದಾಗ ಪರದೆ ಸರಾಸರಿ ಆರು ಪ್ರತಿಶತ ಹೆಚ್ಚು ಹೇಳುತ್ತಿರುವುದು ಗೊತ್ತಾಯಿತು. ಟ್ಯಾಂಕ್ ಲೆಕ್ಕದ ವಿಧಾನ, ಅಂದರೆ ಎರಡು ಸಲ ಟ್ಯಾಂಕ್ ತುಂಬಿಸುವ ನಡುವೆ ಓಡಿದ ದೂರವನ್ನು ಎರಡನೇ ಸಲ ಹಿಡಿದ ಲೀಟರುಗಳಿಂದ ಭಾಗಿಸುವುದು, ಎಲ್ಲರಿಗೂ ತಿಳಿದದ್ದೇ, ಆದರೆ ಅದನ್ನು ಶಿಸ್ತಿನಿಂದ ಮಾಡುವುದು ತಿಳಿದುಕೊಂಡಷ್ಟು ಸುಲಭವಲ್ಲ. ಒಂದೇ ಬಂಕ್, ಸಾಧ್ಯವಾದರೆ ಅದೇ ನಾಝಲ್, ಕಾರು ನಿಲ್ಲುವ ಜಾಗವೂ ಅದೇ ಆಗಿರಬೇಕು, ಏಕೆಂದರೆ ನೆಲ ಒಂದು ಬದಿಗೆ ಸ್ವಲ್ಪ ವಾಲಿದ್ದರೂ ಟ್ಯಾಂಕಿನೊಳಗೆ ಗಾಳಿ ಉಳಿದು ಬೇಗ ಕಟ್ ಆಗುತ್ತದೆ. ನಾಝಲ್ ತಾನಾಗಿಯೇ ಮೊದಲ ಸಲ ಕಟ್ ಆದಾಗ ನಿಲ್ಲಿಸಬೇಕು. ಇಲ್ಲಿಯೇ ತೊಂದರೆ. ಮೀಟರ್ 31.27 ಲೀಟರಿಗೆ ನಿಂತ ತಕ್ಷಣ ಬಂಕಿನ ಹುಡುಗ ನನ್ನ ಕಡೆ ತಿರುಗಿ, “ಸರ್, ರೌಂಡ್ ಫಿಗರ್ ಮಾಡ್ಲಾ?” ಎನ್ನುತ್ತಾನೆ. “ಬೇಡಪ್ಪಾ, ಅಲ್ಲಿಗೇ ಬಿಡು” ಎಂದರೆ, ಚಿಲ್ಲರೆಗೆ ಜಗಳವಾಡುವ ಗಿರಾಕಿಯನ್ನು ನೋಡುವ ಹಾಗೆ ನೋಡುತ್ತಾನೆ. ರೌಂಡ್ ಫಿಗರಿನ ಆಸೆಗೆ ಕುತ್ತಿಗೆಯವರೆಗೆ ತುಂಬಿಸಿದರೆ ಲೆಕ್ಕ ಕೆಡುವುದಷ್ಟೇ ಅಲ್ಲ, ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಹಾಳಾಗುವ ಸಂಭವವೂ ಇದೆ. ಇಷ್ಟು ಎಚ್ಚರ ವಹಿಸಿದರೂ ಒಂದು ಸಲದ ಲೆಕ್ಕದಲ್ಲಿ ಅರ್ಧ, ಮುಕ್ಕಾಲು ಲೀಟರಿನ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಹಾಗಾಗಿ ಐದಾರು ಟ್ಯಾಂಕುಗಳ ಸರಾಸರಿ ತೆಗೆಯದೆ ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ. ಓಡೋಮೀಟರನ್ನೂ ಒಮ್ಮೆ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿದೆ. ಕಲ್ಲುಗಳ ಪ್ರಕಾರ 50 ಕಿ.ಮೀ. ಆದಾಗ ಅದು 50.8 ಎಂದು ತೋರಿಸಿತು. ಆದ್ದರಿಂದ ನನ್ನ 14.6 ಕೂಡ ನಿಜವಾಗಿ 14.4ರ ಆಸುಪಾಸಿನದು.

ಕರಪತ್ರದ ಅಂಕಿಯನ್ನು ಸುಳ್ಳೆನ್ನುವಂತಿಲ್ಲ. ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಮಾದರಿಯ ಪ್ರಯೋಗಾಲಯಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಎಸಿ ಆರಿಸಿ, ಸುಮಾರು 20 ನಿಮಿಷಗಳ ಒಂದು ನಿಗದಿತ ಕ್ರಮದಲ್ಲಿ ಓಡಿಸುತ್ತಾರೆ. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಸರಾಸರಿ ವೇಗ 32 ಕಿ.ಮೀ. ಹತ್ತಿರ. ನನ್ನ ಮನೆ ಇರುವುದು ಬನಶಂಕರಿಯಲ್ಲಿ, ಕಚೇರಿ ಬೆಳ್ಳಂದೂರಿನಲ್ಲಿ. ಸಿಲ್ಕ್ ಬೋರ್ಡ್ ದಾಟಿ ಹೊರವರ್ತುಲ ರಸ್ತೆ ಹಿಡಿದರೆ 15 ಕಿ.ಮೀ. ಸಂಜೆ ಆರೂವರೆಗೆ ಹೊರಟರೆ ಮನೆ ಸೇರಲು 85 ನಿಮಿಷ, ಅಂದರೆ ಸರಾಸರಿ ವೇಗ ಹತ್ತೂವರೆ ಕಿ.ಮೀ. ಆ ಪರೀಕ್ಷೆಯ ಕಾರಿಗೂ ನನ್ನ ಕಾರಿಗೂ ನಡುವಿನ ವ್ಯತ್ಯಾಸವೆಲ್ಲ ಈ 32 ಮತ್ತು ಹತ್ತೂವರೆಯ ನಡುವೆ ಅಡಗಿದೆ ಎಂಬುದು ಹೊಳೆಯಲು ನನಗೆ ಒಂದು ವರ್ಷ ಬೇಕಾಯಿತು.

ಹೊಳೆದದ್ದು ಒಂದು ಚಿಕ್ಕ ಉಪಕರಣದಿಂದ. ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಸ್ಟೀರಿಂಗಿನ ಕೆಳಗಿರುವ ಒಬಿಡಿ ಪೋರ್ಟಿಗೆ ಸಿಕ್ಕಿಸಿ ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಸ್ಕ್ಯಾನರ್ ಅದು. ಎಂಜಿನ್ ಆ ಕ್ಷಣದಲ್ಲಿ ಗಂಟೆಗೆ ಎಷ್ಟು ಲೀಟರ್ ಕುಡಿಯುತ್ತಿದೆ ಎಂಬುದನ್ನು ಅದು ಅಂದಾಜಿಸಿ ತೋರಿಸುತ್ತದೆ. ಟ್ಯಾಂಕ್ ಲೆಕ್ಕದೊಂದಿಗೆ ಹೋಲಿಸಿ ಅದರ ಅಂಕಿಯನ್ನು ಸರಿಪಡಿಸಿಕೊಂಡ ಮೇಲೆ ಎರಡು ವಾರ ಬರೆದುಕೊಂಡೆ. ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಾಗ ಗಂಟೆಗೆ 0.65 ಲೀಟರ್, ಎಸಿ ಹಾಕಿದರೆ 0.95. ತೆವಳುತ್ತ ಸಾಗುವಾಗ ಇದು ಸಹಜವಾಗಿಯೇ ಇನ್ನೂ ಹೆಚ್ಚು. ಭಾನುವಾರ ಬೆಳಿಗ್ಗೆ ಅದೇ 15 ಕಿ.ಮೀ. ದಾರಿಯನ್ನು 35 ನಿಮಿಷದಲ್ಲಿ ಮುಗಿಸಿದಾಗ 0.88 ಲೀಟರ್ ಖರ್ಚಾಯಿತು, ಲೀಟರಿಗೆ 17 ಕಿ.ಮೀ. ಸಿಕ್ಕಿತು. ಬುಧವಾರ ಸಂಜೆ ಅದೇ ಕಾರು, ಅದೇ ಚಾಲಕ, ಅದೇ ಟೈರು, 1.53 ಲೀಟರ್ ಖರ್ಚಾಗಿ ಮೈಲೇಜ್ 9.8ಕ್ಕೆ ಇಳಿಯಿತು. ದೂರ ಒಂದಿನಿತೂ ಬದಲಾಗಿಲ್ಲ. ಹೆಚ್ಚಾದದ್ದು 50 ನಿಮಿಷ, ಆ 50 ನಿಮಿಷದ ಬೆಲೆ 0.65 ಲೀಟರ್. ಈ ಊರಿನಲ್ಲಿ ಪೆಟ್ರೋಲ್ ಸುಡುವುದು ಕಿಲೋಮೀಟರಿಗಿಂತ ಗಂಟೆಯ ಲೆಕ್ಕದಲ್ಲಿ.

ಇದು ಮನದಟ್ಟಾದ ಮೇಲೆ ನಾನು ಮಾಡಿದ ಬದಲಾವಣೆಗಳಲ್ಲಿ ಚಾಲನೆಯ ಚಾಕಚಕ್ಯತೆಗೆ ಸಂಬಂಧಿಸಿದ್ದು ತೀರಾ ಕಡಿಮೆ. ಬೆಳಿಗ್ಗೆ 8.40ಕ್ಕೆ ಹೊರಡುತ್ತಿದ್ದವನು 7.10ಕ್ಕೆ ಹೊರಡತೊಡಗಿದೆ, ಸಂಜೆಯೂ ಅದೇ ಪ್ರಕಾರ ಹಿಂದಕ್ಕೆ ಸರಿಸಿದೆ. ಕೇವಲ ಇದರಿಂದ ನಗರದೊಳಗಿನ ಸರಾಸರಿ 11.9ರಿಂದ 14.1ಕ್ಕೆ ಏರಿತು. ಮಗಳನ್ನು ಶಾಲೆಗೆ ಬಿಡುವ 2.3 ಕಿ.ಮೀ. ಓಡಾಟವನ್ನು ಸ್ಕೂಟರಿಗೆ ವರ್ಗಾಯಿಸಿದೆ. ತಣ್ಣಗಿನ ಎಂಜಿನ್ ಬಿಸಿಯಾಗುವವರೆಗೂ ಹೆಚ್ಚು ಪೆಟ್ರೋಲ್ ಬೇಡುತ್ತದೆ, ಅದು ಬಿಸಿಯಾಗುವಷ್ಟರಲ್ಲಿ ಶಾಲೆಯ ಗೇಟು ಬಂದಿರುತ್ತದೆ. ಆ ದಾರಿಯಲ್ಲಿ ಕಾರಿನ ಮೈಲೇಜ್ ಎಂಟನ್ನು ದಾಟಿದ್ದೇ ಇಲ್ಲ. ಕ್ಷಣಗಣನೆ ತೋರಿಸುವ ಸಿಗ್ನಲ್‌ಗಳಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಬಾಕಿ ಇದ್ದರೆ ಎಂಜಿನ್ ಆರಿಸುತ್ತೇನೆ.

ಟೈರಿನ ಗಾಳಿಯ ಬಗ್ಗೆ ಎಲ್ಲರೂ ಬಹಳ ಹೇಳುತ್ತಾರೆ. ಒಮ್ಮೆ ಎರಡು ತಿಂಗಳು ಉದಾಸೀನ ಮಾಡಿ ನೋಡಿದಾಗ ಹಿಂದಿನ ಎರಡೂ ಟೈರುಗಳಲ್ಲಿ 33 ಪಿಎಸ್‌ಐ ಇರಬೇಕಾದಲ್ಲಿ 24 ಇತ್ತು, ಆದರೂ ನೋಟ್‌ಬುಕ್ಕಿನಲ್ಲಿ ಗುರುತಿಸುವಂಥ ಇಳಿಕೆ ಕಾಣಲಿಲ್ಲ. ಗಾಳಿ ಸರಿಯಾಗಿರಲೇಬೇಕು, ಆದರೆ ಅದು ಬ್ರೇಕಿಗಾಗಿ, ಟೈರಿನ ಆಯುಷ್ಯಕ್ಕಾಗಿ.

ಅಪ್ಪನಿಗೆ ಅಂಬಾಸಡರ್ ಕಾಲದ ಒಂದು ನಂಬಿಕೆ ಗಟ್ಟಿಯಾಗಿದೆ. ನಂದಿ ಬೆಟ್ಟದಿಂದ ಇಳಿಯುವಾಗ, “ಗೇರಲ್ಲಿ ಯಾಕೋ ಇಳಿಸ್ತೀಯ? ನ್ಯೂಟ್ರಲ್ಲಿಗೆ ಹಾಕು, ಪೆಟ್ರೋಲ್ ಉಳಿಯುತ್ತೆ” ಎಂದರು. ಸ್ಕ್ಯಾನರಿಗೆ ಜೋಡಿಸಿದ್ದ ಮೊಬೈಲನ್ನು ಅವರ ಕೈಗೆ ಕೊಟ್ಟೆ. ಮೂರನೇ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುತ್ತಿದ್ದಾಗ ಪರದೆಯಲ್ಲಿ 0.0 ಎಂದಿತ್ತು. ಬೆಟ್ಟ ಮುಗಿದು ನೇರ ರಸ್ತೆ ಬಂದ ಮೇಲೆ ಹಿಂದೆ ಮುಂದೆ ವಾಹನವಿಲ್ಲದಿರುವುದನ್ನು ನೋಡಿ ಒಂದು ಕ್ಷಣ ನ್ಯೂಟ್ರಲ್ಲಿಗೆ ಹಾಕಿದೆ, ಅಂಕಿ 0.6ಕ್ಕೆ ಜಿಗಿಯಿತು. ಗೇರಿನಲ್ಲಿ ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಈಗಿನ ಇಂಜೆಕ್ಷನ್ ವ್ಯವಸ್ಥೆ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಬೇಕು. ಕಾರ್ಬುರೇಟರಿಗೆ ಈ ಜಾಣತನ ಇರಲಿಲ್ಲ. ಅಪ್ಪ ಬಹಳ ಹೊತ್ತು ಮೊಬೈಲನ್ನೇ ನೋಡಿ, “ಮೀಟರ್ ಸರಿಯಾಗಿದೆಯೋ ಇಲ್ವೋ” ಎಂದರು.

ಹೆದ್ದಾರಿಯ ಕಥೆಯೇ ಬೇರೆ. ಅಲ್ಲಿ ವೈರಿ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ ಎಂದು ಶಾಲೆಯಲ್ಲಿ ಓದಿದ್ದನ್ನು ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಪರೀಕ್ಷಿಸಿದೆ. 80ರಲ್ಲಿ ಸ್ಥಿರವಾಗಿ ಹೋದ ದಿನ ಲೀಟರಿಗೆ 22.4, ವೇಗಮಿತಿಯಾದ 100ರಲ್ಲಿ ಹೋದ ದಿನ 18.3. ಇನ್ನೊಂದು ವಿಚಿತ್ರವೂ ಕಂಡಿತು. ಒಂದೇ ವೇಗದಲ್ಲಿ ಹೋದರೂ ಹೋಗುವಾಗ 21.4, ಬರುವಾಗ 20. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮೈಸೂರು ಸುಮಾರು 770. ಮನೆಗೆ ಮರಳುವುದೆಂದರೆ 150 ಮೀಟರ್ ಹತ್ತುವುದು. ಆದರೆ ಜುಲೈ ತಿಂಗಳಲ್ಲಿ ಹೋದಾಗ ಈ ಲಾಭ ಮಾಯವಾಗಿತ್ತು, ಏಕೆಂದರೆ ಮಂಡ್ಯದವರೆಗೂ ನೈರುತ್ಯದ ಮುಂಗಾರು ಗಾಳಿ ಎದುರಿನಿಂದಲೇ ಬೀಸುತ್ತಿತ್ತು.

ಪೆಟ್ರೋಲಿಗೆ 20 ಪ್ರತಿಶತ ಎಥನಾಲ್ ಬೆರೆಸಲು ಆರಂಭಿಸಿದ ಮೇಲೆ ಮೈಲೇಜ್ ಕುಸಿಯಿತೆಂಬ ದೂರನ್ನೂ ಎಲ್ಲೆಡೆ ಕೇಳುತ್ತೇವೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. 10 ಪ್ರತಿಶತದಿಂದ 20ಕ್ಕೆ ಹೋದಾಗ ಲೆಕ್ಕದ ಪ್ರಕಾರ ಮೂರು ಪ್ರತಿಶತದಷ್ಟು ಇಳಿಯಬೇಕು. ನನ್ನ ಹೆದ್ದಾರಿ ಟ್ಯಾಂಕುಗಳಲ್ಲಿ ಕಂಡ ಇಳಿಕೆಯೂ ಮೂರು, ನಾಲ್ಕು ಪ್ರತಿಶತವೇ. ನಗರದಲ್ಲಿ ಒಂದು ಅಗೆದ ರಸ್ತೆ ಇದಕ್ಕಿಂತ ಹೆಚ್ಚು ತಿನ್ನುತ್ತದೆ.

ಇನ್ನು ಟ್ಯಾಂಕ್ ತುಂಬಿಸಿದರೆ ಎಷ್ಟು ದೂರ ಹೋಗಬಹುದು ಎಂಬ ಪ್ರಶ್ನೆ. 37 ಲೀಟರಿನಲ್ಲಿ ಹಳದಿ ದೀಪ ಹೊತ್ತುವವರೆಗೆ ಸಿಗುವುದು ಸುಮಾರು 31.5 ಲೀಟರ್. ಅಷ್ಟರಲ್ಲಿ ದಟ್ಟಣೆಯ ಹೊತ್ತಿನಲ್ಲಿ ನಗರದೊಳಗೆ 380 ಕಿ.ಮೀ., ಹೆದ್ದಾರಿಯಲ್ಲಿ 630. ಪರದೆ ತೋರಿಸುವ ‘ಉಳಿದ ದೂರ’ ಮಾತ್ರ ನೀವು ಈಚೆಗೆ ಓಡಿಸಿದ ರೀತಿಯನ್ನು ನೋಡಿ ಹೇಳುವ ಭವಿಷ್ಯ. ಮೈಸೂರಿನಿಂದ ಬಂದು ಟ್ಯಾಂಕ್ ತುಂಬಿಸಿದಾಗ 690 ಎಂದಿದ್ದ ಅಂಕಿ, ಎರಡು ದಿನ ಕಚೇರಿಗೆ ಹೋಗಿಬಂದ 60 ಕಿ.ಮೀ. ಕಳೆಯುವಷ್ಟರಲ್ಲಿ 570 ಆಗಿತ್ತು.

ಇದು ಗೊತ್ತಿದ್ದೂ ಒಮ್ಮೆ ಮೋಸಹೋದೆ. ಭಾನುವಾರ ಸಂಜೆ ಹಾಸನದಿಂದ ಬರುತ್ತ ಕುಣಿಗಲ್ ತಲುಪಿದಾಗ ಉಳಿದ ದೂರ 110 ಎಂದಿತ್ತು, ಮನೆಗೆ 75 ಕಿ.ಮೀ. ಬಂಕ್ ಎಡಗಡೆಯೇ ಇತ್ತು. “ಹಾಕಿಸಿಬಿಡಿ” ಎಂದು ಹೆಂಡತಿ ಹೇಳಿದ್ದೂ ಆಯಿತು. ಬೇಡವೆಂದೆ. ನೆಲಮಂಗಲದಲ್ಲಿ ಅದು 67ಕ್ಕೆ ಇಳಿದಿತ್ತು, ಅಷ್ಟರವರೆಗೆ ಲೆಕ್ಕ ಸರಿಯಾಗಿಯೇ ಇತ್ತು. ಅಲ್ಲಿಂದ ಗೊರಗುಂಟೆಪಾಳ್ಯದವರೆಗೆ, ವಾರಾಂತ್ಯ ಮುಗಿಸಿ ಊರಿಗೆ ಮರಳುವ ವಾಹನಗಳ ನಡುವೆ, ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಎಸಿ ಆರಿಸಿ ಕಿಟಕಿ ಇಳಿಸಿದೆವು. ಪಕ್ಕದ ಲಾರಿಯ ಹೊಗೆ ಒಳಗೆ ಬಂತು. ಪೀಣ್ಯ ಮೇಲ್ಸೇತುವೆಯ ಮೇಲೆ ಅಂಕಿ ಅಳಿಸಿಹೋಗಿ ಎರಡು ಗೆರೆಗಳಷ್ಟೇ ಉಳಿದವು. ಸೇತುವೆ ಇಳಿದು ಸಿಕ್ಕ ಮೊದಲ ಬಂಕಿನಲ್ಲಿ ತುಂಬಿಸಿದಾಗ 34.8 ಲೀಟರ್ ಹಿಡಿಯಿತು. ಟ್ಯಾಂಕಿನಲ್ಲಿ ಉಳಿದಿದ್ದದ್ದು 2.2 ಲೀಟರ್. ಅಂದಿನಿಂದ ನಗರಕ್ಕೆ ಮರಳುವಾಗ ನೆಲಮಂಗಲ, ಕೆಂಗೇರಿ ಅಥವಾ ದೇವನಹಳ್ಳಿಯ ಆಚೆಯೇ ಕಾಲು ಟ್ಯಾಂಕಾದರೂ ಇದೆಯೇ ಎಂದು ನೋಡಿಕೊಳ್ಳುತ್ತೇನೆ, ಉಳಿದ ದೂರವನ್ನು ಕಿಲೋಮೀಟರಿನಲ್ಲಿ ಎಣಿಸದೆ ಎರಡು ಗಂಟೆಗೆ ಮೂರು ಲೀಟರ್ ಎಂದು ಹಿಡಿಯುತ್ತೇನೆ. ಆ ದಿನದ ಸಾಲಿನ ಪಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಹೆಂಡತಿಯ ಕೈಬರಹದಲ್ಲಿ ‘ಕುಣಿಗಲ್’ ಎಂದಷ್ಟೇ ಬರೆದಿದೆ.